ಉಗಿಯಬಾರದ ವಾರ

ಮಾರ್ಚ್ ೨, ಭಾನುವಾರ

ಅಕ್ಕ ಇವತ್ತು ಬೆಳಿಗ್ಗೆ ಮೈದಾನದಲ್ಲಿ ಗಾಡಿ ರಿವರ್ಸ್ ಹಾಕುತ್ತಾ, ಗುರುತಿಗಿಟ್ಟ ಎರಡು ಡ್ರಮ್ಮುಗಳನ್ನೂ ನನ್ನ ತಾಳ್ಮೆಯನ್ನೂ ಒಂದೇ ಏಟಿಗೆ ಉರುಳಿಸಿದಳು. ಡ್ರಮ್ಮುಗಳನ್ನು ಎತ್ತಿ ನಿಲ್ಲಿಸಿದೆವು.

"ಕನ್ನಡಿ ಯಾಕಿದೆ ಗಾಡೀಲಿ? ಬೈತಲೆ ತೆಗೆಯೋಕಾ?" ಅಂದೆ. "ಸ್ಟೇರಿಂಗ್ ಕಣೇ ಅದು, ಕಲಸಿದ ಹಿಟ್ಟಲ್ಲ, ಹಾಗೆ ನಾದಬೇಡ!" ಅಂತಲೂ ಅಂದೆ. ಇನ್ನೂ ಏನೇನೋ ಅಂದೆ. ಬರೆದರೆ ಕಾಗದಕ್ಕೂ ಬೇಜಾರಾದೀತು.

ಅಕ್ಕ ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ ಸ್ಟೇರಿಂಗ್ ಹಿಡಿದು ಕೂತಿದ್ದಳು. ನಾನು ನನ್ನ ಬದಿಯ ಬ್ರೇಕಿನಿಂದ ಕಾಲು ತೆಗೆಯಲೇ ಇಲ್ಲ. ಕಲಿಸುವ ಗಾಡಿಗೆ ಎರಡು ಬ್ರೇಕು: ಒಂದು ಕಲಿಯುವವರಿಗೆ, ಇನ್ನೊಂದು ಬದುಕಬೇಕು ಅನ್ನುವವರಿಗೆ.

ಮುಂದೆಂದೋ ಮರೆವು ಹಿಡಿದ ಮೇಲೆ ಇದನ್ನು ಓದುವ ನನಗೇ ಗುರುತು ಸಿಗಲಿ ಎಂದು ಬರೆದಿಡುತ್ತೇನೆ. ನಾನು ಡ್ರೈವಿಂಗ್ ಶಾಲೆಯೊಂದರ ಮಾಲೀಕ, ಮೇಷ್ಟ್ರು, ಗುಮಾಸ್ತ, ಜವಾನ. ಕನ್ನಡ ಸಾಹಿತ್ಯದಲ್ಲಿ ಪದವಿ ಪಡೆದು ಆಮೇಲೆ ಗೇರು ಬದಲಿಸಿದವನು. ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಮದುವೆಯಾದಾಗಿನಿಂದ ರಾತ್ರಿಪಾಳಿ ಮಾಡಿ ಮಾಡಿ ಅವಳ ಮೊಣಕಾಲು ಅವಳಿಗಿಂತ ಮೊದಲೇ ನಿವೃತ್ತಿಗೆ ಅರ್ಜಿ ಹಾಕಿದೆ. ಈಗೊಂದು ಒಳ್ಳೆಯ ಜಾಗ ಖಾಲಿಯಾಗಿದೆ. ಹಾಸಿಗೆ ಹಿಡಿದವರನ್ನು ಅವರವರ ಮನೆಗೇ ಹೋಗಿ ನೋಡಿಕೊಂಡು ಬರುವ ಹಗಲು ಕೆಲಸ. ಗಾಡಿ ಆಸ್ಪತ್ರೆಯದೇ, ಓಡಿಸುವವಳು ಅವಳೇ ಆಗಬೇಕು. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಾಳೆ. ಹದಿನಾಲ್ಕನೇ ತಾರೀಕು ಮೂರನೆಯದು. ಅದೂ ಹೋದರೆ ಆ ಜಾಗ ಇನ್ನೊಬ್ಬಳಿಗೆ, ಅಕ್ಕನಿಗೆ ಮತ್ತೆ ರಾತ್ರಿಪಾಳಿ.

ಇಳಿಯುವಾಗ ಅಂದಳು: "ಪರೀಕ್ಷೆ ದಿನ ನೀನು ಪಕ್ಕದಲ್ಲಿರಲ್ಲ ಕಣೋ. ಆದ್ರೆ ನಿನ್ನ ದನಿ ಇರುತ್ತೆ. ಎರಡು ಸಲಾನೂ ಇತ್ತು."

"ಒಳ್ಳೇದೇ ಆಯ್ತಲ್ಲ, ಧೈರ್ಯಕ್ಕೆ," ಅಂದೆ.

ಅವಳು ನಕ್ಕಳು. ಯಾಕೆಂದು ತಿಳಿಯಲಿಲ್ಲ.

ಬಲದವಡೆಯ ಕಟ್ಟಕಡೆಯಲ್ಲಿ ಮತ್ತೆ ಆ ನೋವು. ಕೂಗಾಡಿದ್ದಕ್ಕೇ ಇರಬೇಕು.

ಮಾರ್ಚ್ ೪, ಮಂಗಳವಾರ

ಹೆಂಡತಿ ಒಂದು ರೆಟ್ಟೆ, ಅಕ್ಕ ಒಂದು ರೆಟ್ಟೆ ಹಿಡಿದು ಹಲ್ಲಿನ ಡಾಕ್ಟರ ಬಳಿ ಎಳೆದುಕೊಂಡು ಹೋದರು. ಡಾಕ್ಟರಮ್ಮನಿಗೆ ನನ್ನ ಲೈಸೆನ್ಸಿಗಿಂತ ಚಿಕ್ಕ ವಯಸ್ಸು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು.

"ಇದು ನಿಮ್ಮ ಬುದ್ಧಿಹಲ್ಲು. ನೆಟ್ಟಗೆ ಮೇಲೆ ಬರೋದು ಬಿಟ್ಟು ಅಡ್ಡ ಮಲಗಿದೆ. ಮುಂದಿನ ಹಲ್ಲಿಗೆ ಗುದ್ದುತ್ತಾ ಇದೆ."

"ಅಂದ್ರೆ ಪಾರ್ಕಿಂಗ್ ತಪ್ಪಾಗಿದೆ," ಅಂದಳು ಅಕ್ಕ. "ಮೇಷ್ಟ್ರ ಬಾಯೊಳಗೇ!"

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಮಾತು ತಿರುಗಿಸಲು, ಬುದ್ಧಿಹಲ್ಲು ಕಿತ್ತರೆ ಬುದ್ಧಿಯೂ ಹೋಗುತ್ತದೆಯೇ ಎಂದು ಕೇಳಿದೆ. ಈ ಹಾಸ್ಯವನ್ನು ಬಂದ ರೋಗಿಗಳೆಲ್ಲ ಮಾಡುತ್ತಾರೇನೋ, ಡಾಕ್ಟರಮ್ಮ ಕಣ್ಣೂ ಮಿಟುಕಿಸಲಿಲ್ಲ. ಅಕ್ಕನೇ ಉತ್ತರ ಕೊಟ್ಟಳು: "ಇಲ್ಲದ್ದು ಎಲ್ಲಿಗೆ ಹೋಗುತ್ತೆ? ಗುರುವಾರಕ್ಕೆ ಬರ್ಕೊಳ್ಳಿ ಡಾಕ್ಟರೇ."

ನನಗೇನೂ ಹೆದರಿಕೆಯಿಲ್ಲ. ಆದರೆ ಮನೆಗೆ ಬರುವಾಗ ನನ್ನದೇ ಗಾಡಿಯನ್ನು ಮೂರನೇ ಗೇರಿನಲ್ಲಿ ಎಬ್ಬಿಸಲು ಹೋಗಿ ಕೆಮ್ಮಿಸಿದೆ. ಹೆಂಡತಿ ನೋಡಿದಳು. ಅಕ್ಕನೂ ನೋಡಿದಳು. ಇಬ್ಬರೂ ಕಿಟಕಿಯಾಚೆ ನೋಡತೊಡಗಿದರು. ನಾನಾಗಿದ್ದರೆ ಬಿಡುತ್ತಿದ್ದೆನೇ?

ಮಾರ್ಚ್ ೬, ಗುರುವಾರ

ಬುದ್ಧಿ ಹೋಯಿತು. ಬಾಯಲ್ಲಿ ಬಟ್ಟೆಯ ಉಂಡೆ ಕಚ್ಚಿಕೊಂಡು ಇದನ್ನು ಬರೆಯುತ್ತಿದ್ದೇನೆ. ಕೆಳತುಟಿ ಇದೆಯೋ, ಕ್ಲಿನಿಕ್ಕಿನಲ್ಲೇ ಬಿಟ್ಟು ಬಂದೆನೋ ತಿಳಿಯುತ್ತಿಲ್ಲ.

ಆ ಕುರ್ಚಿಯಲ್ಲಿ ಮಲಗಿದಾಗ ನಿಜ ಹೇಳುವುದಾದರೆ ಕುರ್ಚಿಯ ಕೈಗಳನ್ನು ಅಕ್ಕ ಸ್ಟೇರಿಂಗ್ ಹಿಡಿಯುವ ಹಾಗೆ ಹಿಡಿದಿದ್ದೆ. ಆದರೆ ಆ ಡಾಕ್ಟರಮ್ಮನದು ಒಂದು ವಿಚಿತ್ರ ಪದ್ಧತಿ. ಏನೇ ಮಾಡುವುದಿದ್ದರೂ ಮುಂಚೆ ಹೇಳಿಬಿಡುತ್ತಾರೆ.

"ಈಗ ಸೂಜಿ ಚುಚ್ಚುತ್ತೆ. ಇರುವೆ ಕಚ್ಚಿದ ಹಾಗೆ." ಚುಚ್ಚಿತು, ಇರುವೆ ಕಚ್ಚಿದ ಹಾಗೆ. ಸ್ವಲ್ಪ ದೊಡ್ಡ ಇರುವೆ.

"ಈಗ ತುಟಿ ದಪ್ಪ ಆದ ಹಾಗೆ ಅನ್ಸುತ್ತೆ. ಆಗಿರಲ್ಲ, ಅನ್ಸುತ್ತೆ ಅಷ್ಟೇ." ಅನಿಸಿತು.

"ಈಗ ಒತ್ತಿದ ಹಾಗಾಗುತ್ತೆ. ನೋವಾಗಲ್ಲ. ನೋವಾದ್ರೆ ಕೈ ಎತ್ತಿ, ನಿಲ್ಲಿಸ್ತೀನಿ." ಕೈ ಎತ್ತುವ ಪ್ರಸಂಗ ಬರಲಿಲ್ಲ.

"ಈಗ ಕಟಕಟ ಅಂತ ಸದ್ದು ಬರುತ್ತೆ, ಒಣಕಟ್ಟಿಗೆ ಸೀಳಿದ ಹಾಗೆ. ಗಾಬರಿಯಾಗಬೇಡಿ. ಒಡೀತಿರೋದು ಹಲ್ಲು, ನೀವಲ್ಲ."

ಒಡೆದದ್ದು ಹಲ್ಲೇ. ಅಡ್ಡ ನಿಂತ ಗಾಡಿಯನ್ನು ಇಡಿಯಾಗಿ ಎಳೆಯಲಾಗದೆ ಬಿಡಿಭಾಗ ಮಾಡಿ ಸಾಗಿಸಿದರು. ಎರಡು ಹೊಲಿಗೆ ಹಾಕಿದರು. ನಾನು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಭಯಂಕರ ದಂತಕಥೆ ಅಷ್ಟರಲ್ಲೇ ಮುಗಿದುಹೋಗಿತ್ತು.

ಆಮೇಲೆ ಅಪ್ಪಣೆಗಳು. ಬಟ್ಟೆಯನ್ನು ಬಿಗಿಯಾಗಿ ಕಚ್ಚಿಕೊಂಡಿರಬೇಕು. ಹಲ್ಲಿದ್ದ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟಬೇಕು, ಆ ಹೆಪ್ಪೇ ಗಾಯಕ್ಕೆ ಮುಚ್ಚಳ. ಅದು ಕಿತ್ತು ಬಂದರೆ ಒಳಗಿನ ಮೂಳೆ ಬೆತ್ತಲಾಗಿ, ಆಗ ನಿಜವಾದ ನೋವು ಏನೆಂದು ಗೊತ್ತಾಗುತ್ತದಂತೆ. ಹಾಗಾಗಿ ಸ್ಟ್ರಾ ಹಾಕಿ ಏನನ್ನೂ ಹೀರುವಂತಿಲ್ಲ, ಬಾಯಿ ಮುಕ್ಕಳಿಸುವಂತಿಲ್ಲ, ಬಿಸಿ ಕುಡಿಯುವಂತಿಲ್ಲ. ಕೊನೆಯದು ಇದು:

"ಉಗೀಬಾರದು. ಬಾಯಿಗೆ ಏನು ಬಂದ್ರೂ ನುಂಗ್ಕೊಳ್ಳಿ."

ಅಕ್ಕನ ಕಣ್ಣು ಹೊಳೆದದ್ದನ್ನು ನಾನು ನೋಡಿದೆ. "ಎಷ್ಟು ದಿನ ಡಾಕ್ಟರೇ?"

"ಇವತ್ತಂತೂ ಬೇಡವೇ ಬೇಡ. ಒಂದು ವಾರ ಜೋರಾಗಿ ಉಗೀದೇ ಇದ್ರೆ ಒಳ್ಳೇದು."

"ಕೇಳಿಸ್ತೇನೋ?" ಅಂದಳು ಅಕ್ಕ ನನ್ನ ಕಡೆ ತಿರುಗಿ. "ಒಂದು ವಾರ ಉಗಿಯೋ ಹಾಗಿಲ್ಲ. ಯಾರಿಗೂ."

ಕನ್ನಡದ ಈ ಉಗಿಗೆ ನನ್ನ ನಮಸ್ಕಾರ. ಎಂಜಲು ಉಗಿಯಬಹುದು, ಎದುರಿಗಿರುವವರಿಗೆ ಉಗಿಯಬಹುದು, ಕೆಟಲ್ಲಿನಿಂದ ಉಗಿ ಬರಬಹುದು. ಮೂರೂ ಒಳಗಿನ ಒತ್ತಡ ತಾಳಲಾರದೆ ಹೊರಗೆ ಬರುವಂಥವೇ. ಇದನ್ನು ಅಕ್ಕನಿಗೆ ವಿವರಿಸಲು ಹೊರಟೆ. "ಹೂಂ ಹೂಂ, ಬಟ್ಟೆ ಕಚ್ಕೋ," ಅಂದಳು.

ಮಾರ್ಚ್ ೭, ಶುಕ್ರವಾರ

ತುಟಿ ವಾಪಸು ಬಂತು. ಮುಟ್ಟಿ ಮುಟ್ಟಿ ನೋಡಿಕೊಂಡೆ, ಕಳೆದುಹೋದ ಕೀಲಿಕೈ ಸಿಕ್ಕ ಹಾಗೆ.

ನೋವಿಗೆ ಊಟದ ನಂತರ ಎರಡು ಮಾತ್ರೆ. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಸರಿಯಾಗಿಯೇ ಬರೆದುಕೊಟ್ಟಿದ್ದಾರೆ. ಇದನ್ನು ಹೆಂಡತಿಗೆ ಹೇಳಿದೆ. "ಊಟ ಮಾತ್ರ ಲಘು," ಅಂದು ಹಿಸುಕಿದ ಬಾಳೆಹಣ್ಣು ಮುಂದಿಟ್ಟು ಹೋದಳು. ಈ ಮನೆಯಲ್ಲಿ ನನಗೊಬ್ಬ ಪ್ರತಿಸ್ಪರ್ಧಿ ಇರುವುದು ಇಷ್ಟು ವರ್ಷ ಗೊತ್ತಿರಲಿಲ್ಲ.

ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರು ಶುರು. ಅದನ್ನೂ ಉಗಿಯುವಂತಿಲ್ಲ. ಬಾಯೊಳಗೆ ಮೆಲ್ಲಗೆ ತೂಗಾಡಿಸಿ, ತಲೆ ಬಗ್ಗಿಸಿ, ಬಾಯಿ ತೆರೆದರೆ ತಾನಾಗಿ ಬೀಳಬೇಕು. ಬೇಸಿನ್ನಿನ ಮುಂದೆ ದಿನವಿಡೀ ಬಗ್ಗಿ ನಿಂತಿದ್ದೇನೆ, ಯಾರಿಗೋ ಕ್ಷಮೆ ಕೇಳುವವನ ಹಾಗೆ.

ಮಾರ್ಚ್ ೮, ಶನಿವಾರ

ಬಲಗೆನ್ನೆಗೆ ಬಡ್ತಿ ಸಿಕ್ಕಿದೆ. ಎಡಗೆನ್ನೆ ಹಳೆಯ ಹುದ್ದೆಯಲ್ಲೇ ಇದೆ.

ಹೆಂಡತಿ ಕನ್ನಡಿ ತಂದು ಹಿಡಿದು, "ಯಾವ ಕಡೆಯಿಂದ ನೋಡಿದ್ರೆ ನನ್ನ ಗಂಡ ಹೇಳಿ, ಆ ಕಡೆ ಕೂತ್ಕೋತೀನಿ," ಅಂದಳು. ನಗಲು ಹೋದರೆ ಬಾಯಿ ಒಂದು ಬೆರಳಿನಷ್ಟು ತೆರೆದು ನಿಂತುಬಿಟ್ಟಿತು, ತುಕ್ಕು ಹಿಡಿದ ಗಾಡಿ ಬಾಗಿಲಿನ ಹಾಗೆ.

ಇದೆಲ್ಲ ಹೀಗೇ ಆಗುತ್ತದೆಂದು ಡಾಕ್ಟರಮ್ಮ ಹೇಳಿದ್ದರು. ಎರಡು ಮೂರನೇ ದಿನ ಊತ ಜಾಸ್ತಿ, ಬಾಯಿ ಬಿಗಿ, ಆಮೇಲೆ ಇಳಿಮುಖ. ಹೇಳದೇ ಇದ್ದಿದ್ದರೆ ಇಷ್ಟು ಹೊತ್ತಿಗೆ ಉಯಿಲು ಬರೆಯಲು ಕೂತಿರುತ್ತಿದ್ದೆ. ಈಗ ನೋಡಿದರೆ, ಬರುತ್ತೇನೆಂದ ನೆಂಟ ಹೇಳಿದ ಹೊತ್ತಿಗೇ ಬಂದನಲ್ಲ ಎಂದು ಒಂದು ಬಗೆಯ ಸಮಾಧಾನ.

ಸಂಜೆ ಅಕ್ಕ ಪಾಳಿಗೆ ಹೋಗುವ ಮುಂಚೆ ಬಂದು ಟಾರ್ಚ್ ಹಾಕಿ ನೋಡಿದಳು. ಹೆಪ್ಪು ಕೂತಿದೆಯಂತೆ. "ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲ್ಲಾಡಿಸ್ತೀವಾ? ಹಾಗೇ ಸುಮ್ನಿರು." ಆಮೇಲೆ ಟಾರ್ಚ್ ಆರಿಸಿ, ಅದನ್ನು ಚೀಲದೊಳಗೆ ಇಡುತ್ತಾ, ಇಡುತ್ತಾ, ಬಹಳ ಹೊತ್ತು ಇಡುತ್ತಾ ಕೇಳಿದಳು:

"ಗಾಡಿಗೆ ಯಾವಾಗ ಕೂರ್ತೀಯ? ಇನ್ನು ಆರೇ ದಿನ ಇರೋದು."

"ಹೋಮಹಾರ," ಅಂದೆ. ಸೋಮವಾರ ಎಂದು ಅವಳು ಅರ್ಥ ಮಾಡಿಕೊಂಡಳು.

ಮಾರ್ಚ್ ೧೦, ಸೋಮವಾರ

ನೋವು ತಗ್ಗಿದೆ, ಮಾತ್ರೆ ಬೇಕಾಗಲಿಲ್ಲ. ಕೆನ್ನೆ ಬಡ್ತಿಯಿಂದ ಇಳಿಯುತ್ತಿದೆ, ಹಳದಿ ಬಣ್ಣದ ಕಲೆಯೊಂದನ್ನು ನೆನಪಿಗೆ ಬಿಟ್ಟು.

ಅಕ್ಕನ ಜೊತೆ ಸೇತುವೆಯ ಏರಿಗೆ ಹೋದೆ. ಅರ್ಧ ಏರಿನಲ್ಲಿ ಸಿಗ್ನಲ್ ಕೆಂಪಾಯಿತು, ಹಸಿರಾಯಿತು, ನಮ್ಮ ಗಾಡಿ ಗಕ್ ಎಂದು ಆಫ್ ಆಯಿತು. ಹಿಂದೆ ಒಂದು ಲಾರಿ, ಅದರ ಹಿಂದೆ ಇಡೀ ಜಗತ್ತು. ಅಕ್ಕನ ಗೆಣ್ಣು ಬೆಳ್ಳಗಾಯಿತು.

ನನ್ನ ನಾಲಿಗೆಯ ತುದಿಗೆ ಒಳ್ಳೆಯ ಸಾಮಗ್ರಿ ಬಂದಿತ್ತು. ಆದರೆ ಬಾಯಿ ಇನ್ನೂ ಎರಡೇ ಬೆರಳು ತೆರೆಯುವುದು. ಅದರಲ್ಲಿ ಬೈಗುಳ ತೂರುವುದಿಲ್ಲ. ಬೈಯಲು ದವಡೆ ಪೂರ್ತಿ ಬೇಕು, ಪ್ರಯತ್ನಿಸಿ ನೋಡಿದವರಿಗೆ ಗೊತ್ತು. ತೂರುವಷ್ಟು ಚಿಕ್ಕ ಮಾತುಗಳನ್ನೇ ಹುಡುಕಿ ಆಡಬೇಕಾಯಿತು.

"ಹಿಂದಿನವನು ಈಗ ಹಾರ್ನ್ ಹೊಡೀತಾನೆ," ಅಂದೆ. ಹೊಡೆದ. "ಹೊಡೀಲಿ. ಹ್ಯಾಂಡ್‌ಬ್ರೇಕ್ ಹಾಕು. ಈಗ ಸ್ಟಾರ್ಟ್ ಮಾಡು. ಕ್ಲಚ್ ಮೆಲ್ಲಗೆ ಬಿಡ್ತಾ ಬಾ, ಗಾಡಿ ಸ್ವಲ್ಪ ನಡುಗುತ್ತೆ. ನಡುಗೋದು ಗಾಡಿ, ನೀನಲ್ಲ. ನಡುಗಿದಾಗ ಹ್ಯಾಂಡ್‌ಬ್ರೇಕ್ ಬಿಡು."

ನಡುಗಿತು. ಬಿಟ್ಟಳು. ಗಾಡಿ ಏರು ಹತ್ತಿತು. ಮೇಲೆ ಹೋದ ಮೇಲೆ ಅವಳು ನನ್ನನ್ನೇ ಒಮ್ಮೆ ನೋಡಿದಳು.

"ರಸ್ತೆ ನೋಡು," ಅಂದೆ. ಅದೂ ಚಿಕ್ಕ ಮಾತೇ.

ಮಾರ್ಚ್ ೧೧, ಮಂಗಳವಾರ

ಮೈದಾನ. ಡ್ರಮ್ಮು. ರಿವರ್ಸ್.

ಎರಡನೇ ಡ್ರಮ್ಮು ಉರುಳಿತು. ವಾರದ ನಿಷೇಧ ಮರೆತು "ಕನ್ನಡಿ!" ಎಂದು ಗುಡುಗಲು ಹೋದೆ. 'ಕ' ಮಾತ್ರ ಬಂತು. ಹೊಲಿಗೆ ಚುರ್ ಎಂದಿತು, ಕಿವಿಯವರೆಗೆ ಒಂದು ತಂತಿ ಮೀಟಿದ ಹಾಗಾಯಿತು. ಬಾಯಲ್ಲಿ ಉಪ್ಪುಪ್ಪು. ಹೆಪ್ಪು ಕಿತ್ತೇ ಹೋಯಿತೆಂದುಕೊಂಡೆ.

ಅಕ್ಕ ಎಂಜಿನ್ ನಿಲ್ಲಿಸಿ ಟಾರ್ಚ್ ತೆಗೆದಳು. ಅವಳ ದನಿಯೇ ಬೇರೆಯಾಯಿತು, ವಾರ್ಡಿನ ದನಿ. "ಈಗ ಬೆಳಕು ಬೀಳುತ್ತೆ. ನಾನು ಮುಟ್ಟಲ್ಲ, ನೋಡ್ತೀನಿ ಅಷ್ಟೇ. ಹಾಂ. ಹೆಪ್ಪು ಇದ್ದಲ್ಲೇ ಇದೆ. ಹೊಲಿಗೆ ಎಳೆದಿದೆ, ಒಂಚೂರು ಒಸರಿದೆ. ಇನ್ನು ಸ್ವಲ್ಪ ಹೊತ್ತು ಜುಂ ಅನ್ನುತ್ತೆ, ಆಮೇಲೆ ನಿಲ್ಲುತ್ತೆ."

ಜುಂ ಅಂದಿತು. ನಿಂತಿತು. ಅಬ್ಬ.

ಡ್ರಮ್ಮು ಎತ್ತಿ ನಿಲ್ಲಿಸಿ ಬಂದು ಕೂತೆ. ಕೂಗಲಂತೂ ಸಾಧ್ಯವಿಲ್ಲ, ಹೊತ್ತು ಹೋಗಬೇಕಲ್ಲ, ಏನೇನು ಕಾಣಿಸುತ್ತದೆಂದು ಸುಮ್ಮನೆ ಹೇಳುತ್ತಾ ಹೋದೆ. "ಕನ್ನಡೀಲಿ ಮೊದಲನೇ ಡ್ರಮ್ಮು ಬರುತ್ತೆ. ಅದು ಹಿಂಬಾಗಿಲ ಹಿಡಿ ಹತ್ರ ಬಂದಾಗ ಸ್ಟೇರಿಂಗ್ ಪೂರ್ತಿ ತಿರುಗಿಸು. ಆಗ ಎರಡನೇ ಡ್ರಮ್ಮು ಮಾಯ ಆಗುತ್ತೆ. ಮತ್ತೆ ಬರುತ್ತೆ, ಬಂದಾಗ ನೇರ ಮಾಡು."

ಅಕ್ಕ ಗಾಡಿ ನಿಲ್ಲಿಸಿಬಿಟ್ಟಳು. "ಏನಂದೆ? ಮಾಯ ಆಗುತ್ತಾ?"

"ಆಗೇ ಆಗುತ್ತೆ. ಗಾಡಿ ಮೂಲೆ ಅಡ್ಡ ಬರುತ್ತಲ್ಲ."

"ಎಲ್ಲಾರಿಗೂ ಆಗುತ್ತಾ?"

"ಎಲ್ಲಾರಿಗೂ."

"ಅಯ್ಯೋ ನಿನ್ನ! ಇಷ್ಟು ದಿನ ಅದು ಕಾಣದೇ ಹೋದ ತಕ್ಷಣ ಗುದ್ದೇ ಬಿಟ್ಟೆ ಅಂತ ನನ್ನ ಎದೆ ಬಾಯಿಗೆ ಬರ್ತಿತ್ತು ಕಣೋ. ಆ ಗಾಬರೀಲಿ ತಿರುಗಿಸಬಾರದ ಕಡೆ ತಿರುಗಿಸಿ ನಿಜವಾಗ್ಲೂ ಗುದ್ದುತಿದ್ದೆ. ಮಾಯ ಆಗುತ್ತೆ ಅಂತ ಒಂದು ದಿನ ಆದ್ರೂ ಹೇಳಿದೀಯಾ?"

ಎಲ್ಲರಿಗೂ ಗೊತ್ತಿರುವುದನ್ನು ಹೇಳುವುದೇನು? ಹಾಗೆಂದು ಅವಳಿಗೆ ಹೇಳಬೇಕೆಂದಿದ್ದೆ, ದವಡೆ ನೋಯುತ್ತಿತ್ತು, ಬಿಟ್ಟೆ. ಅವಳು ಮತ್ತೆ ರಿವರ್ಸ್ ಹಾಕಿದಳು. ಡ್ರಮ್ಮು ಮಾಯವಾಯಿತು. "ಹೋಯ್ತು, ಹೋಯ್ತು," ಅಂದಳು, ಕಣ್ಣಾಮುಚ್ಚಾಲೆ ಆಡುವ ಮಗುವಿನ ಹಾಗೆ. "ಬಂತು!" ಗಾಡಿ ಎರಡರ ನಡುವೆ ಬಂದು ನೆಟ್ಟಗೆ ನಿಂತಿತು.

ಇನ್ನೊಂದು ಸಲ ಮಾಡಿದಳು. ಇನ್ನೊಂದು ಸಲ. ಸಾಕು ಅಂದರೂ ಕೇಳಲಿಲ್ಲ. ಪೆಟ್ರೋಲ್ ಮುಳ್ಳು ಮಲಗುವವರೆಗೂ ಮಾಡಿದಳು.

ಮಾರ್ಚ್ ೧೩, ಗುರುವಾರ

ಹೊಲಿಗೆ ಬಿಚ್ಚಿದರು. "ಈಗ ಎಳೆದ ಹಾಗಾಗುತ್ತೆ," ಅಂದರು ಡಾಕ್ಟರಮ್ಮ, ಎಳೆದ ಹಾಗಾಯಿತು. ಕುಳಿ ನಿಧಾನವಾಗಿ ತುಂಬಿಕೊಳ್ಳುತ್ತದಂತೆ, ಪೂರ್ತಿ ಮುಚ್ಚಲು ಕೆಲವು ವಾರಗಳೇ ಬೇಕಂತೆ, ಅಲ್ಲಿಯವರೆಗೆ ಊಟವಾದ ಮೇಲೆ ಉಪ್ಪುನೀರು ತಪ್ಪಿಸಬಾರದಂತೆ.

"ಇನ್ನು ಉಗೀಬಹುದಾ?" ಎಂದು ಕೇಳಿದೆ, ಅಕ್ಕನ ಕಡೆ ಓರೆಗಣ್ಣಿನಿಂದ ನೋಡುತ್ತಾ.

"ಓಹೋ, ಧಾರಾಳವಾಗಿ."

"ನಾಳೆ ಮಧ್ಯಾಹ್ನದವರೆಗೆ ಬೇಡ ಅನ್ನಿ ಡಾಕ್ಟರೇ," ಅಂದಳು ಅಕ್ಕ. ನಗುತ್ತಲೇ ಅಂದಳು, ಆದರೆ ಕೈಚೀಲದ ಹಿಡಿಯನ್ನು ಹಿಂಡುತ್ತಿದ್ದಳು.

ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿದರು. "ಸರಿ. ನಾಳೆ ಮಧ್ಯಾಹ್ನದವರೆಗೆ ಬೇಡ."

ವೈದ್ಯರ ಮಾತು. ಮೀರುವ ಹಾಗಿಲ್ಲ.

ಮನೆಗೆ ಬಂದು ಅಕ್ಕನಿಗೆ ನಾಳೆಯದನ್ನೆಲ್ಲ ಒಂದು ಸಲ ಹೇಳಿಬಿಟ್ಟೆ. ಇನ್‌ಸ್ಪೆಕ್ಟರು ಮಾತಾಡುವುದಿಲ್ಲ, ಅದು ಸಿಟ್ಟಲ್ಲ, ಅವರ ಮುಖವೇ ಹಾಗೆ. ನಡುವೆ ಏನೋ ಗೀಚುತ್ತಾರೆ, ತಪ್ಪಾಗಿದೆ ಎಂದಲ್ಲ, ತಾರೀಕೂ ಗೀಚುತ್ತಾರೆ. ಏರಿನಲ್ಲಿ ಗಾಡಿ ಒಂದು ಸಲ ನಿಂತರೆ ಫೇಲಲ್ಲ, ಹಿಂದಕ್ಕೆ ಉರುಳಿದರೆ ಫೇಲು. ಅವಳು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೇಳಿದಳು. ಕೊನೆಗೆ, "ನಾಳೇದೂ ಹೋದ್ರೆ ಸೋಮವಾರದಿಂದ ಮತ್ತೆ ರಾತ್ರಿಪಾಳಿ ಪಟ್ಟೀಲಿ ಹೆಸರು ಹಾಕ್ತಾರೆ," ಅಂದಳು, ಯಾರೋ ಮೂರನೆಯವರ ವಿಷಯ ಎಂಬಂತೆ.

ನನಗೆ ಒಂದು ಶ್ಲೇಷೆಯೂ ಹೊಳೆಯಲಿಲ್ಲ.

ಮಾರ್ಚ್ ೧೪, ಶುಕ್ರವಾರ

ಪರೀಕ್ಷೆ ಮೈದಾನದ ಬೇಲಿಯಾಚೆ ನಿಂತಿದ್ದೆ. ಒಳಗೆ ಬಿಡುವುದಿಲ್ಲ. ಇನ್‌ಸ್ಪೆಕ್ಟರು ನಗುವುದಕ್ಕೂ ಲೈಸೆನ್ಸು ಬೇಕೆಂದು ನಂಬಿದವರು, ಅಕ್ಕನ ಪಕ್ಕ ಹಲಗೆಯ ಹಾಗೆ ಕೂತರು.

ಏರಿನಲ್ಲಿ ಗಾಡಿ ಆಫ್ ಆಯಿತು.

ನನ್ನ ಬಲಗಾಲು ನೆಲವನ್ನು ಒತ್ತಿಹಿಡಿಯಿತು. ಭೂಮಿಗೂ ಒಂದು ಬ್ರೇಕು ಇರಬೇಕಿತ್ತು. ಹಿಂದಕ್ಕೆ ಉರುಳೀತು, ಉರುಳೀತು ಎಂದು ಕಾಯುತ್ತಿದ್ದೆ. ಉರುಳಲಿಲ್ಲ. ಹ್ಯಾಂಡ್‌ಬ್ರೇಕ್ ಹಾಕಿದ್ದಾಳೆ! ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗಾಡಿ ನಡುಗಿತು, ಹತ್ತಿತು.

ಆಮೇಲೆ ರಿವರ್ಸು. ನಾನು ನಿಂತಲ್ಲಿಂದ ಡ್ರಮ್ಮುಗಳು ಕಾಣುತ್ತಿದ್ದವು, ಅಕ್ಕನ ತಲೆಯ ಹಿಂಭಾಗ ಕಾಣುತ್ತಿತ್ತು. ಮೊದಲನೆಯದು ಹಿಂಬಾಗಿಲ ಹತ್ತಿರ ಬಂತು, ಚಕ್ರ ತಿರುಗಿತು. ಈಗ ಎರಡನೆಯದು ಅವಳಿಗೆ ಕಾಣುವುದಿಲ್ಲ. ಈಗ. ಈಗಲೇ. ಹಿಂದಿನ ಎರಡು ಸಲವೂ ಇಲ್ಲೇ. ಗಾಡಿ ನಿಲ್ಲಲಿಲ್ಲ, ಓಡಲೂ ಇಲ್ಲ. ಬಸವನಹುಳುವಿನ ಹಾಗೆ ಹಿಂದೆ ಹಿಂದೆ ಬಂದು, ನೇರವಾಗಿ, ಎರಡು ಡ್ರಮ್ಮುಗಳ ನಡುವೆ ಕೂತಿತು.

ನಾನು ಹಲ್ಲು ಕಚ್ಚಿ ನಿಂತಿದ್ದೆನೆಂದು ಗೊತ್ತಾದದ್ದು ದವಡೆ ಜುಂ ಎಂದಾಗ. ಹಾಗೆ ಕಚ್ಚಲು ಈಗ ಒಂದು ಹಲ್ಲು ಕಡಿಮೆಯೇ ಇತ್ತು.

ಇನ್‌ಸ್ಪೆಕ್ಟರು ಇಳಿದು, ಗೀಚಿ, "ಮುಂದಿನವರು," ಅಂದರು. ಅವರ ಭಾಷೆಯಲ್ಲಿ ಅದು ಅಭಿನಂದನೆ. ಅಕ್ಕ ಬೇಲಿಯ ಕಡೆ ಬಂದಳು. ಮೊಣಕಾಲು ನೋವಿರುವವಳು ಓಡಿಕೊಂಡೇ ಬಂದಳು. ಕಣ್ಣು ಒದ್ದೆಯಾಗಿತ್ತು. ನನ್ನ ಕಣ್ಣಿಗೆ ಧೂಳು ಬಿದ್ದಿತ್ತು.

"ನನ್ನ ದನಿ ಕೇಳಿಸ್ತಾ?" ಎಂದು ಕೇಳಿದೆ.

"ಕೇಳಿಸ್ತು. ಮಾಯ ಆಗುತ್ತೆ, ಮತ್ತೆ ಬರುತ್ತೆ, ಅಂತು." ಬೇಲಿಯ ತಂತಿಯ ನಡುವೆ ಕೈ ತೂರಿಸಿ ನನ್ನ ಊದಿದ್ದ ಕೆನ್ನೆ ತಟ್ಟಿದಳು. "ಯಾರದಪ್ಪಾ ಈ ದನಿ ಅಂದ್ಕೊಂಡೆ."

ನಿಷೇಧ ಮಧ್ಯಾಹ್ನಕ್ಕೆ ಮುಗಿಯಿತು. ಗಮನಿಸಲಿಲ್ಲ, ಐಸ್‌ಕ್ರೀಂ ತಿನ್ನುತ್ತಿದ್ದೆವು.

ಮಾರ್ಚ್ ೨೬, ಬುಧವಾರ

ಬಹಳ ದಿನದಿಂದ ಬರೆದಿಲ್ಲ. ನೋವಿಲ್ಲದವನಿಗೆ ಬರೆಯಲು ಏನಿರುತ್ತದೆ?

ಬೆಳಿಗ್ಗೆ ಒಬ್ಬ ಹೊಸ ವಿದ್ಯಾರ್ಥಿ, ಬ್ಯಾಂಕಿನ ನಿವೃತ್ತ ಕ್ಯಾಷಿಯರು, ಗಾಡಿಯನ್ನು ನೆಟ್ಟಗೆ ಫುಟ್‌ಪಾತಿನ ಮೇಲೆ ಹತ್ತಿಸಿದರು. ನಾನು, "ಇಳಿಯುವಾಗ ದಡ್ ಅನ್ನುತ್ತೆ, ಗಾಬರಿಯಾಗಬೇಡಿ," ಅಂದೆ. ದಡ್ ಅಂದಿತು. ತಿಂಡಿಗೆ ಬಂದಾಗ ಹೆಂಡತಿಗೆ ಇದನ್ನು ಹೇಳಿದೆ.

"ಅಷ್ಟೇನಾ? ಉಗೀಲಿಲ್ವಾ? ಡಾಕ್ಟರು ಪರ್ಮಿಶನ್ ಕೊಟ್ಟಾಯ್ತಲ್ಲ!"

"ಬಾಯಲ್ಲಿ ಏನೂ ಇರ್ಲಿಲ್ಲ ಕಣೇ, ಉಗಿಯೋಕೆ," ಅಂದೆ. ಅವಳು ತಟ್ಟೆಯನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ನನ್ನನ್ನು ನೋಡುತ್ತಾ ನಿಂತಳು. ಶ್ಲೇಷೆ ಅವಳಿಗೆ ಹಿಡಿಸಿರಬೇಕು.

ಸಂಜೆ ಕುಳಿ ತೋರಿಸಲು ಕೊನೆಯ ಸಲ ಕ್ಲಿನಿಕ್ಕಿಗೆ ಹೋಗಬೇಕಿತ್ತು. ಕೆಲಸ ಮುಗಿಸಿ ಆ ದಾರಿಯಲ್ಲೇ ಬರುತ್ತಿದ್ದ ಅಕ್ಕ, ಆಸ್ಪತ್ರೆಯ ಬಿಳಿ ಗಾಡಿಯಲ್ಲಿ ನನ್ನನ್ನು ಹತ್ತಿಸಿಕೊಂಡಳು. ಎಲ್ಲ ಸರಿಯಾಗಿದೆ ಅಂದರು ಡಾಕ್ಟರಮ್ಮ. ವಾಪಸು ಬರುವಾಗ ಅಕ್ಕ ತನ್ನ ರೋಗಿಗಳ ಕಥೆ ಶುರು ಮಾಡಿದಳು, ಕಿಟಕಿಯಿಂದ ಇವಳ ಗಾಡಿ ಕಂಡೊಡನೆ ತಲೆ ಬಾಚಿಕೊಂಡು ಕೂರುವ ಒಬ್ಬ ಅಜ್ಜಿಯದು. ಆ ಗಾಡಿಯಲ್ಲಿ ನನ್ನ ಬದಿಗೆ ಬ್ರೇಕಿಲ್ಲ.

ಅಜ್ಜಿ ತಲೆ ಬಾಚಿಕೊಂಡದ್ದರವರೆಗೆ ಕೇಳಿದ ನೆನಪು. ಕಣ್ಣು ಬಿಟ್ಟಾಗ ಗಾಡಿ ನಮ್ಮ ಮನೆಯ ಕಿರಿದಾದ ಗೇಟಿನೊಳಗೆ, ಎರಡು ಕಂಬಗಳ ನಡುವೆ, ರಿವರ್ಸಿನಲ್ಲಿ ಬಂದು ನಿಂತಾಗಿತ್ತು. ಅಕ್ಕ ಎಂಜಿನ್ ಆರಿಸಿ, ನನ್ನನ್ನು ಎಬ್ಬಿಸದೆ, ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

ಬೇರೆಯವರು ಓಡಿಸುವ ಗಾಡಿಯಲ್ಲಿ ನಾನು ಜನ್ಮದಲ್ಲಿ ನಿದ್ದೆ ಮಾಡಿದವನಲ್ಲ. ಆ ಮಾತ್ರೆಯ ಅಮಲೇ ಇರಬೇಕು. ಮಾತ್ರೆ ನಿಲ್ಲಿಸಿ ಎರಡು ವಾರವೇ ಆಯಿತು, ಆದರೂ ಅದರದೇ ಇರಬೇಕು.